ಹಳದಿ ಚೀಟಿ ಅಂಟಿದ ಪುಟ

ಕಾಣೆಯಾದ ಮಗುವಿನ ಭಾವಚಿತ್ರ ಅಂಗಡಿಯ ಬಾಗಿಲಲ್ಲಿ ಕಂಡಾಗ ನೀವು ಎಷ್ಟು ಹೊತ್ತು ನಿಂತು ನೋಡಿದ್ದೀರಿ? ಹಾಲಿನ ಡಬ್ಬಿ ಆರಿಸುವಷ್ಟು ಹೊತ್ತಾದರೂ ನೋಡಿದ್ದೀರಾ?

ಟಿಲ್ಡನ್ ಕೌಂಟಿ ಎಂಬ ಜಿಲ್ಲೆಯ ಜನನ ದಾಖಲೆ ಕಚೇರಿಯ ವರ್ನಾ ಹಾಲ್‌ಸ್ಟೆಡ್ ಇಪ್ಪತ್ತಾರು ವರ್ಷಗಳಿಂದ ನೋಡುತ್ತಲೇ ಬಂದಿದ್ದಳು. ಮಗು ಕಾಣೆಯಾಗಿದೆಯೆಂದು ಪೊಲೀಸರು ತಿಳಿಸಿದ ದಿನವೇ ಆ ಮಗುವಿನ ಹುಟ್ಟಿನ ಪುಟಕ್ಕೆ ಹಳದಿ ಚೀಟಿ ಅಂಟಿಸುವುದು ಅವಳ ಕೆಲಸ. ಚೀಟಿಯುಳ್ಳ ಪುಟದ ಪ್ರತಿಯನ್ನು ಯಾರಾದರೂ ಕೇಳಿದರೆ ಕೈಗೆ ಕೊಡಬಾರದು, ಸುಳಿವು ಬಿಡಬಾರದು, ಪೊಲೀಸರಿಗೆ ತಿಳಿಸಬೇಕು. ಆದರೆ ದಾಖಲೆಗಳು ಕಂಪ್ಯೂಟರಿಗೆ ಹೋದಾಗ ಆ ಚೀಟಿಗಳು ಯಾರಿಗೂ ನೆನಪಾಗಲಿಲ್ಲ. ಮಕ್ಕಳಿಗಿಂತ ವೇಗವೇ ದೊಡ್ಡದಾಗಿ ಕಂಡಿತ್ತು! ಆದ್ದರಿಂದ ವರ್ನಾ ಪ್ರತಿ ಅರ್ಜಿಗೂ ಹಳೆಯ ಪುಸ್ತಕವನ್ನು ತೆರೆದೇ ನೋಡುತ್ತಿದ್ದಳು.

ಶಾಲೆಗಳು ತೆರೆಯುವ ಮುನ್ನಿನ ಗುರುವಾರ ಬೆಳಿಗ್ಗೆ, ಟೋಪಿ ಧರಿಸಿದ ಒಬ್ಬಾತ ಕೌಂಟರಿಗೆ ಬಂದ.

"ಮಗಳ ಬರ್ತ್ ಸರ್ಟಿಫಿಕೇಟ್ ಬೇಕಿತ್ತು ಮೇಡಂ. ಅಡಲೀನ್ ಪ್ರೂಯಿಟ್. ಸೋಮವಾರದಿಂದ ಒಂದನೇ ಕ್ಲಾಸು."

ಕಂಪ್ಯೂಟರ್ ಕ್ಷಣಾರ್ಧದಲ್ಲಿ ಹೆಸರು ತೋರಿಸಿತು. ವರ್ನಾ ಕಪಾಟಿನತ್ತ ಹೊರಟಳು.

"ಮತ್ತೆ ಶುರುವಾಯ್ತು," ಎಂದ ಪಕ್ಕದ ಮೇಜಿನ ಲಾಯ್ಡ್. "ಆ ಧೂಳಿನ ಪುಸ್ತಕಾನೇ ಮದ್ವೆ ಆಗ್ಬಿಡು ನೀನು."

ಪುಟ ತೆರೆಯಿತು. ಹಳದಿ ಚೀಟಿ, ಅವಳದೇ ಅಕ್ಷರ: ಎರಡು ವರ್ಷದ ಹೆಣ್ಣುಮಗು, ನ್ಯಾಯಾಲಯ ತಾಯಿಗೆ ಒಪ್ಪಿಸಿದ್ದ ಮಗುವನ್ನು ತಂದೆ ಭೇಟಿಯ ನೆಪದಲ್ಲಿ ಒಯ್ದವನು ಮರಳಿಲ್ಲ. ಆ ಚೀಟಿ ಅಂಟಿಸಿ ನಾಲ್ಕು ವರ್ಷ! ಆ ತಾಯಿ ಪ್ರತಿ ಕ್ರಿಸ್ಮಸ್‌ಗೂ ಕಚೇರಿಗೆ ಫೋನ್ ಮಾಡಿ, ಸುಳಿವು ಸಿಕ್ಕಿತೇ ಎಂದು ಕೇಳುತ್ತಿದ್ದಳು.

ವರ್ನಾಳ ಮುಖವೋ ಯಾವ ಗುಟ್ಟನ್ನೂ ಮುಚ್ಚಿಟ್ಟದ್ದಿಲ್ಲ. "ಇಸ್ಪೀಟಾಡುವಾಗ ನಿನ್ನ ಮುಖ ನೋಡಿದ್ರೆ ಸಾಕು, ಎಲೆ ನೋಡೋದೇ ಬೇಡ," ಎಂದು ಲಾಯ್ಡ್ ಸದಾ ಅಣಕಿಸುತ್ತಿದ್ದ. ಈಗ ಕಿವಿಯವರೆಗೂ ಕೆಂಪೇರಿತು. ಆ ಭಾರಿ ಪುಸ್ತಕವನ್ನು ಎದೆಗೊತ್ತಿಕೊಂಡೇ ಅವಳು ಮರಳಿದಳು.

"ಹುಷಾರಿಲ್ವಾ ಮೇಡಂ? ಮುಖ ಕೆಂಪಾಗಿದೆ," ಎಂದ ಆತ, ಕಣ್ಣು ಕಿರಿದುಮಾಡಿ.

"ಇದನ್ನ ಒಂದ್ಸಲ ಎತ್ತಿ ನೋಡಿ, ನಿಮಗೂ ಕೆಂಪಾಗುತ್ತೆ. ಡ್ರೈವಿಂಗ್ ಲೈಸೆನ್ಸ್ ಕೊಡಿ, ನಕಲು ತಗೋಬೇಕು. ಸರ್ಟಿಫಿಕೇಟ್ ಇವತ್ತು ಕೈಗೆ ಸಿಗಲ್ಲ."

"ಪ್ರಿಂಟರ್ ಖಾಲಿನೇ ಇದೆಯಲ್ಲ ವರ್ನಾ, ಈಗ್ಲೇ ಕೊಟ್ಬಿಡು," ಎಂದ ಲಾಯ್ಡ್.

ಆತನ ಕೈ ಲೈಸೆನ್ಸಿನ ಮೇಲೆಯೇ ನಿಂತಿತು. ಈಗ ಆತ ಹೊರಟುಬಿಟ್ಟರೆ ಇನ್ನೆಷ್ಟು ಕ್ರಿಸ್ಮಸ್‌ಗಳೋ!

"ನಿನ್ನ ಕಾಫಿ ಆರ್ತಾ ಇದೆ ಲಾಯ್ಡ್," ಎಂದಳು ವರ್ನಾ. ಲಾಯ್ಡ್ ಅವಳ ಮುಖ ನೋಡಿದ; ಜನ್ಮದಲ್ಲಿ ಮೊದಲ ಬಾರಿಗೆ ಅವಳ ಮಾತು ಕೇಳಿ ಕಾಫಿ ಲೋಟ ಕೈಗೆತ್ತಿಕೊಂಡ.

"ಹಾಗಾದ್ರೆ ಸೋಮವಾರ ಏನ್ ಮಾಡ್ಲಿ ನಾನು?" ಎಂದ ಟೋಪಿಯಾತ.

"ಶಾಲೆ ಹೆಸರು ಹೇಳಿ. ಈ ದಾಖಲೆ ವಿಷಯ ಅವರಿಗೆ ಇವತ್ತೇ ನಮ್ಮ ಕಡೆಯಿಂದ ತಿಳಿಯುತ್ತೆ."

ಒಂದಕ್ಷರವೂ ಸುಳ್ಳಲ್ಲ. ಆತನ ಭುಜ ಸಡಿಲವಾಯಿತು. ಶಾಲೆಯ ಹೆಸರು ಹೇಳಿ, ಲೈಸೆನ್ಸ್ ಚಾಚಿದ.

ಆತನ ಹಿಂದೆ ಬಾಗಿಲು ಮುಚ್ಚುವ ಮೊದಲೇ ಅವಳ ಬೆರಳು ಕೌಂಟಿ ಪೊಲೀಸರ ಷೆರಿಫ್ ಕಚೇರಿಯ ಸಂಖ್ಯೆ ಒತ್ತುತ್ತಿತ್ತು.

ಮಧ್ಯಾಹ್ನಕ್ಕೆ ಮುನ್ನವೇ ಅಲ್ಲಿಂದ ಡೆಪ್ಯುಟಿ ಮರ್ಲ್ ಫೋನ್ ಮಾಡಿದ. "ಲೈಸೆನ್ಸಲ್ಲಿದ್ದದ್ದು ಹಳೇ ವಿಳಾಸ; ಶಾಲೆಯ ಅರ್ಜಿಯಲ್ಲಿ ಈಗಿನ ಮನೆ ವಿಳಾಸ ಸಿಕ್ತು ವರ್ನಾ. ಹುಡುಗಿ ಹಿತ್ತಲಲ್ಲಿ ಉಯ್ಯಾಲೆ ಆಡ್ತಿದ್ಲು. ಮುಂದಿನ ಎರಡು ಹಲ್ಲು ಬಿದ್ದಿವೆ. ಅವಳಮ್ಮ ಇಲ್ಲಿಗೆ ಬರೋಕೆ ಆಗ್ಲೇ ಕಾರು ಹತ್ತಿದ್ದಾರೆ."

ವರ್ನಾ ಕುರ್ಚಿಯಲ್ಲಿ ಕುಸಿದು ನಕ್ಕಳು, ಅತ್ತಳು. ಲಾಯ್ಡ್ ಮಾತ್ರ ಕಪಾಟಿನ ಮುಂದೆ ನಿಂತಿದ್ದ.

"ಇಂಥ ಚೀಟಿ ಇನ್ನೆಷ್ಟಿವೆ?"

"ಏಳು."

"ಹೇಳ್ತಾ ಹೋಗು. ಕಂಪ್ಯೂಟರಿಗೆ ಹಾಕ್ತೀನಿ."

ಆ ಏಳು ಮಕ್ಕಳನ್ನು ಕಾಯಲು ಅಲ್ಲಿ ಒಬ್ಬ ವರ್ನಾ ಇದ್ದಳು. ನಿಮ್ಮೂರಿನಲ್ಲಿ ಯಾರಿದ್ದಾರೆ? ನಾಳೆಯೇ ನಿಮ್ಮ ಜನನ ನೋಂದಣಿ ಕಚೇರಿಗೆ ಹೋಗಿ, ಕಾಣೆಯಾದ ಮಕ್ಕಳ ಪುಟಗಳಿಗೆ ಗುರುತು ಹಾಕಲಾಗಿದೆಯೇ ಎಂದು ಕೇಳಿ. ಇಲ್ಲವೆಂದರೆ, ಹಾಕುವವರೆಗೂ ಕೇಳುತ್ತಲೇ ಇರಿ.