ಮಾವನ ಬಿಳಿ ಅಂಗಿ, ದೋಣಿಯ ಮೋಟಾರು

ಆ ಮಧ್ಯಾಹ್ನ ಸೊಸೆ ಒಲೆ ಹಚ್ಚಲಿಲ್ಲ.

ಮಾವ ಮೀನು ಹಿಡಿದು ಬಂದವರೇ ಎಂದಿನಂತೆ ದೋಣಿಯ ಪುಟ್ಟ ಮೋಟಾರನ್ನು ಅಡುಗೆಮನೆಯ ಮೂಲೆಯಲ್ಲಿ ಮಲಗಿಸಿ, ಕೈಕಾಲು ತೊಳೆದು ಊಟಕ್ಕೆ ಕೂತರು. ತಟ್ಟೆ ಬರಲಿಲ್ಲ. ಹಿಂದಿನ ದಿನವಷ್ಟೇ ಒಲೆಯ ಕಿಡಿ ಸಿಡಿದು, ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದ ಆ ಮೂಲೆಯ ನೆಲ ಭಗ್ಗೆಂದು ಹೊತ್ತಿಕೊಂಡಿತ್ತು. ಮಗು ಮಲಗಿದ್ದ ಚಾಪೆಯ ಅಂಚು ಸುಟ್ಟಿತ್ತು. ಸೊಸೆಗೆ ಆ ಭಯ ಇನ್ನೂ ಇಳಿದಿರಲಿಲ್ಲ.

"ಯಾಕಮ್ಮ, ಇವತ್ತು ಉಪವಾಸಾನಾ?"

"ಮೋಟಾರು ಹೊರಗೆ ಹೋಗೋವರೆಗೂ ನಾನು ಕಡ್ಡಿ ಗೀರಲ್ಲ, ಮಾವ."

"ಹೊರಗಿಟ್ರೆ ಕಳ್ಳರು ಬಿಡ್ತಾರಾ? ಮೂವತ್ತು ವರ್ಷದಿಂದ ಹೀಗೇ ಇಟ್ಟಿದೀನಿ. ನಿನ್ನೆ ಮೊನ್ನೆ ಬಂದೋಳು ನನಗೆ ಹೇಳ್ಕೊಡ್ತೀಯಾ?"

"ಮೋಟಾರು ಹೋದ್ರೆ ಇನ್ನೊಂದು ತರಬಹುದು. ಮಗೂನ ಎಲ್ಲಿಂದ ತರ್ತೀರಿ?"

ಅತ್ತೆ ಬೆಂಕಿಪೊಟ್ಟಣವನ್ನು, ಹಚ್ಚುವುದು ಬಿಡುವುದು ನಿನಗೆ ಬಿಟ್ಟದ್ದು ಎಂಬಂತೆ, ಸೊಸೆಯ ಕೈಗೆ ಕೊಟ್ಟುಬಿಟ್ಟರು.

ಗದ್ದಲ ಕೇಳಿ ಪಕ್ಕದ ಮನೆಯ ಮೆಕ್ಯಾನಿಕ್ ಬಂದಳು. ಊರಿನ ಮೋಟಾರುಗಳನ್ನೆಲ್ಲ ಬಿಚ್ಚಿ ಜೋಡಿಸುವ ಅವಳು ಎಲ್ಲರಿಗೂ ಸ್ಪಾನರಕ್ಕ.

"ನನ್ನ ಮೋಟಾರು ಒಂದು ಹನಿ ಸೋರಲ್ಲ!" ಎಂದು ಮಾವ ಗುಡುಗಿದರು.

ಸೊಸೆ ಒಳಗಿನಿಂದ ಅವರ ಬಿಳಿ ಅಂಗಿ ತಂದಳು. ಮದುವೆಮನೆಗೆ ಮಾತ್ರ ಹೊರಬರುವ ಅಂಗಿ. "ಹಾಗಾದ್ರೆ ಇದನ್ನ ಕೆಳಗೆ ಹಾಸ್ಲಾ?"

ಆಡಿದ ಮಾತನ್ನು ನುಂಗುವ ಹಾಗಿರಲಿಲ್ಲ. "ಹಾಸು!" ಎಂದರು ಮಾವ.

ಅರ್ಧ ಗಂಟೆಗೆ ಅಂಗಿಯ ಬೆನ್ನ ಮೇಲೆ ತಟ್ಟೆಯಗಲದ ಕಲೆ. ಮಾವ ಮೂಸಿ ನೋಡಿ ಇಂಗು ತಿಂದ ಮಂಗನಂತಾದರು.

"ಖಾಲಿ ಮಾಡ್ದೆ ಮಲಗಿಸಿದ್ರೆ ಯಾವ ಮೋಟಾರಾದ್ರೂ ಸೋರತ್ತೆ, ಚಿಕ್ಕಪ್ಪ," ಎಂದಳು ಸ್ಪಾನರಕ್ಕ. ಮೋಟಾರನ್ನು ಅಂಗಳಕ್ಕೆ ಹೊತ್ತು ತಂದು, ಸಿಹಿನೀರಿನ ಡ್ರಮ್ಮಿನಲ್ಲಿ ಓಡಿಸಿದಳು. "ಉಪ್ಪು ತೊಳೆದುಹೋಗ್ಲಿ. ಈಗ ಪೆಟ್ರೋಲ್ ಬರೋದನ್ನ ಮುಚ್ಚಿ. ತಾನಾಗೇ ನಿಲ್ಲೋವರೆಗೂ ಬಿಡಿ." ಇಂಜಿನ್ ಆರಿದ ಮೇಲೆ ಟ್ಯಾಂಕಿನಲ್ಲಿ ಉಳಿದದ್ದನ್ನು ಕ್ಯಾನಿಗೆ ಬಸಿದಳು. "ಇದನ್ನ ನೀರಿಗೆ ಚೆಲ್ಬೇಡಿ. ನಮ್ಮ ಅನ್ನ ಇರೋದೇ ಅಲ್ಲಿ." ಮುಚ್ಚಳ ಬಿಗಿದು, ನೀರೆಲ್ಲ ಇಳಿಯುವವರೆಗೆ ಮೋಟಾರನ್ನು ನೆಟ್ಟಗೆ ನಿಲ್ಲಿಸಿದಳು.

"ಗಾಡೀಲಿ ಒಯ್ಯೋವಾಗ?" ಈ ಸಲ ಕೇಳಿದ್ದು ಮಾವ.

"ಯಾವ ಮಗ್ಗುಲಿಗೆ ಮಲಗಿಸ್ಬೇಕು ಅಂತ ಮೋಟಾರಿನ ಪುಸ್ತಕದಲ್ಲೇ ಇರತ್ತೆ. ಮಲಗಿಸಿದಾಗ್ಲೂ ಇಂಜಿನ್ ಕಡೆ ಮೇಲಿರ್ಲಿ, ನೀರು ತಳ್ಳೋ ಫ್ಯಾನು ಕೆಳಗಿರ್ಲಿ. ಮೀನಿನ ಬುಟ್ಟಿ ದೂರ ಇಡಿ."

"ಮತ್ತೆ ಕಳ್ಳರು?"

"ಹಿತ್ತಲ ಮಾಡಿನ ಕೆಳಗೆ ಮರದ ಸ್ಟ್ಯಾಂಡು ಹೊಡೀರಿ. ಸರಪಳಿ, ಬೀಗ ಹಾಕಿ. ಕ್ಯಾನೂ ಅಲ್ಲೇ ಇರ್ಲಿ, ಬೆಂಕಿಯಿಂದ ದೂರ."

ಮಾವ ಗೊಣಗುತ್ತಲೇ ಹಲಗೆ ಹುಡುಕಿದರು. ಸ್ಟ್ಯಾಂಡು ಎದ್ದಿತು, ಬೀಗ ಬಿತ್ತು. ಅಂಗಿಯ ಕಲೆಯಾಗದ ತೋಳೊಂದನ್ನು ತಾವೇ ಮೋಟಾರಿನ ಕೆಳಗೆ ಹಾಸಿ ಕಾದರು. ತೋಳು ಬೆಳ್ಳಗೇ ಉಳಿಯಿತು.

"ಈಗಾದ್ರೂ ಒಲೆ ಹಚ್ತೀಯಾ?"

"ಮೊದಲು ಆ ಮೂಲೆ ತೊಳೀರಿ."

ಮಾವ ಸೊಸೆಯನ್ನು ನೋಡಿದರು. ಚಾಪೆಯ ಸುಟ್ಟ ಅಂಚನ್ನು ನೋಡಿದರು. ಬಕೆಟ್ಟು ಎತ್ತಿಕೊಂಡರು. ಬಾಗಿಲು, ಕಿಟಕಿ ತೆರೆದು, ವಾಸನೆ ಪೂರ್ತಿ ಹೋದ ಮೇಲೆಯೇ ಸೊಸೆ ಕಡ್ಡಿ ಗೀರಿದಳು.

ಅಕ್ಕ, ಅಣ್ಣ, ನಿಮ್ಮ ಮೋಟಾರು ಈಗ ಎಲ್ಲಿ ಮಲಗಿದೆ? ಅದರ ಕೆಳಗೊಂದು ಬಿಳಿ ಬಟ್ಟೆ ಹಾಸಿ ನೋಡಿ. ಕಲೆ ಬೀಳಲಿ, ಬೀಳದಿರಲಿ, ಒಲೆಯಿರುವ ಕೋಣೆಯಲ್ಲಿ ಅದಕ್ಕೆ ಜಾಗವಿಲ್ಲ. ಇವತ್ತೇ ಖಾಲಿ ಮಾಡಿ, ಒರೆಸಿ, ಹೊರಗೆ ನಿಲ್ಲಿಸಿ. ಮನೆಯಲ್ಲಿ ಯಾರಾದರೂ ಗದರಿದರೆ ಹೆದರಬೇಡಿ. ಕಡ್ಡಿ ಗೀರಬೇಡಿ, ಅಷ್ಟೇ.