ಅಕ್ಕನ ಹೊಂಡ

"ಈ ಗುಡ್ಡ ಹಿಡ್ಕಳ್ರಪ್ಪ, ಮೊದ್ಲು ಇದು ಆಚೆಗೆ ಹೋಗ್ಲಿ."

ಮುರುಗಪ್ಪ ತನ್ನ ಅಣ್ಣ ಮಾಡಿಟ್ಟ ಥರ್ಮಾಕೋಲ್ ಹಲಗೆಗಳನ್ನು ಒಂದೊಂದಾಗಿ ಜಗುಲಿಗೆ ದಾಟಿಸುತ್ತಿದ್ದ. ರಾತ್ರಿ ತೀರಿಕೊಂಡ ಆ ಅಣ್ಣ ಏಕಾಂತಪ್ಪನನ್ನು ಒರಗಿಸಿ ಕೂರಿಸಬೇಕಾದ ನಡುಮನೆಯ ಗೋಡೆಯನ್ನು ಅವನದೇ ಗುಡ್ಡ, ಹಳ್ಳ, ಕೋಟೆಗೋಡೆಗಳು ಆಕ್ರಮಿಸಿಕೊಂಡಿದ್ದವು.

"ಅತ್ತಿಗೆ, ಕಸದ ಗಾಡಿಯವನಿಗೆ ಹೇಳೀನಿ. ಸಂಜೆ ಬರ್ತಾನೆ. ಇವನ್ನಿಟ್ಕಂಡು ಏನ್ಮಾಡ್ತೀರಿ?"

ಸರ್ವಮಂಗಳ ಹಲಗೆಗಳ ಸಾಲನ್ನೇ ನೋಡುತ್ತಿದ್ದಳು. ಅವಳ ಕಣ್ಣು ಒಂದೇ ಒಂದು ಹಲಗೆಯನ್ನು ಹುಡುಕುತ್ತಿತ್ತು. ಅದು ಇವತ್ತೂ ಅಲ್ಲಿರಲಿಲ್ಲ.

ಹೊಸದುರ್ಗದ ಪೇಟೆಯಲ್ಲಿ ಮೂವತ್ತೆಂಟು ವರ್ಷ ಅಂಗಿ ಹೊಲಿದವನು ಅವಳ ಗಂಡ. ತಿಂಗಳಿಗೊಂದು ಭಾನುವಾರ ಹಿರಿಯೂರಿನಲ್ಲಿ ಗೆಳೆಯರ ಜೊತೆ ಬೊಂಬೆ ಸಿಪಾಯಿಗಳ ಯುದ್ಧ. ದಾಳ ಹಾಕಿ, ಟೇಪಿನಲ್ಲಿ ಇಂಚು ಅಳೆದು, ಬೆರಳುದ್ದದ ಸಿಪಾಯಿಗಳನ್ನು ಸರಿಸುವ ಆಟ. ಅದಕ್ಕೆ ನೆಲ ಮಾಡಿಕೊಡುವವನು ಇವನು. ಟಿವಿ ಅಂಗಡಿಯವರು ಎಸೆದ ಥರ್ಮಾಕೋಲಿನ ಮೇಲೆ ತೆಂಗಿನ ನಾರಿನ ಹುಲ್ಲು, ರಾಗಿ ಕಾಳಿನ ಕಲ್ಲು. ಪ್ರತಿ ಹಲಗೆಯೂ ಒಂದಡಿ ಚೌಕ, ಅಂಚಿನ ಎತ್ತರ ಎಲ್ಲಕ್ಕೂ ಒಂದೇ. "ಯಾವುದರ ಪಕ್ಕ ಯಾವುದಿಟ್ರೂ ಕೂಡ್ಕಬೇಕು" ಎನ್ನುತ್ತಿದ್ದ.

*

ಹನ್ನೊಂದು ವರ್ಷದ ಹಿಂದೆ, ಗೌರಿ ಹಬ್ಬದ ದಿನ. ಒಲೆಯಿಂದ ಆಗತಾನೇ ಇಳಿಸಿದ ಸಾರಿನ ಪಾತ್ರೆ ತರುವಾಗ ಮಸಿಬಟ್ಟೆ ಜಾರಿತು. ಸರ್ವಮಂಗಳ ಹತ್ತಿರ ಕಂಡದ್ದರ ಮೇಲೆ ಪಾತ್ರೆ ಕುಕ್ಕಿದಳು. ಅದು ಅವನು ಮೂರು ತಿಂಗಳಿಂದ ಮಾಡುತ್ತಿದ್ದ ಗುಡ್ಡ. ಎತ್ತುವಷ್ಟರಲ್ಲಿ ನಡುವೆ ದುಂಡಗೆ ಕರಗಿ ಗುಂಡಿ ಬಿದ್ದಿತ್ತು.

"ಕೈ ಸುಟ್ಕಂಡ್ಯಾ?" ಅಂದ ಅವನು. ಅಷ್ಟೇ.

ಮಾರನೇ ವಾರ ಹಲಗೆ ಮನೆಯಲ್ಲಿರಲಿಲ್ಲ. ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಎಸೆದಿದ್ದಾನೆ, ಸಿಟ್ಟನ್ನು ನುಂಗಿಕೊಂಡಿದ್ದಾನೆ ಎಂದುಕೊಂಡಳು. ಒಂದು ಮಾತು ಬೈದಿದ್ದರೆ ಹಗುರವಾಗುತ್ತಿತ್ತು.

*

ಮಣ್ಣು ಮಾಡಿ ಬಂದು, ಸ್ನಾನ ಮುಗಿಸುವಷ್ಟರಲ್ಲಿ ಸಂಜೆಯಾಯಿತು. ಏಕಾಂತಪ್ಪನನ್ನು ಕೂರಿಸಿದ್ದ ಜಾಗದಲ್ಲಿ ಉದುರಿದ ವಿಭೂತಿ ಹಾಗೇ ಇತ್ತು. ಸರ್ವಮಂಗಳ ಅಲ್ಲಿ ದೀಪ ಹಚ್ಚಿದಳು.

ಆಟದ ಗೆಳೆಯರಿಬ್ಬರು ಇನ್ನೂ ಹೊರಟಿರಲಿಲ್ಲ. ಹಿರಿಯೂರಿನ ಬಸ್ ಡ್ರೈವರ್ ಓಬಯ್ಯನ ತೊಡೆಯ ಮೇಲೆ ದುಪ್ಪಟಿಯಲ್ಲಿ ಸುತ್ತಿದ ಗಂಟೊಂದಿತ್ತು.

"ಇಪ್ಪತ್ತು ಸಲ ಸೋಲಿಸೀನಿ ಅಣ್ಣನ್ನ. ನೆಲ ಮಾಡೋದು ಬರ್ತಿತ್ತು, ಗೆಲ್ಲೋದು ಬರ್ತಿರ್ಲಿಲ್ಲ."

"ಸುಮ್ನಿರಪ್ಪ ಓಬಯ್ಯ" ಎಂದರು ಚಿತ್ರದುರ್ಗದ ಕಾಲೇಜು ಮೇಡಂ ಅನುಪಮಾ. "ನಿನ್ನ ಮುಖ ಸಪ್ಪಗಾದ್ರೆ ಅವರೇ ಸೋತು ಕೊಡ್ತಿದ್ರು."

ಓಬಯ್ಯ ನಕ್ಕು, ಕಣ್ಣೊರೆಸಿಕೊಂಡು ಗಂಟು ಬಿಚ್ಚಿದ. "ಅಕ್ಕ, ಇದು ನಮ್ಮನೇಲಿತ್ತು."

ಅದೇ ಗುಡ್ಡ. ನಡುವಿನ ಗುಂಡಿಗೆ ಸುತ್ತಲೂ ಕಲ್ಲಿನ ಮೆಟ್ಟಿಲು. ತಳಕ್ಕೆ ನೀಲಿ ಬಳಿದು ವಾರ್ನಿಷ್ ಹಾಕಿದ್ದರಿಂದ ನೀರು ನಿಂತಂತೆ ಹೊಳೆಯುತ್ತಿತ್ತು.

"ಇದಕ್ಕೆ ಅಕ್ಕನ ಹೊಂಡ ಅಂತೀವಿ. ಇದಿಲ್ದೆ ಒಂದಾಟನೂ ಆಡಿಲ್ಲ. ಇದರ ದಡದಾಗೆ ನಿಂತ ಸಿಪಾಯೀನ ಯಾರೂ ಹೊಡೆಯಂಗಿಲ್ಲ. ಅಣ್ಣ ಮಾಡಿದ ರೂಲ್ಸು."

"ಮನೆಗ್ಯಾಕೆ ತರ್ಲಿಲ್ಲ?" ಸರ್ವಮಂಗಳ ಮೆಟ್ಟಿಲುಗಳ ಮೇಲೆ ಬೆರಳಾಡಿಸಿದಳು.

"ನಾನೂ ಕೇಳಿದ್ದೆ ಅಕ್ಕ. 'ನೋಡಿದಾಗೆಲ್ಲ ಅವ್ಳು ನೊಂದ್ಕಂತಾಳೆ ಕಣಯ್ಯ, ನಿಮ್ಮನೇಲೇ ಇರ್ಲಿ' ಅಂದ್ರು."

ಹೊರಗೆ ಗಾಡಿಯ ಹಾರ್ನ್ ಕೇಳಿಸಿತು. ಮುರುಗಪ್ಪ ಬಾಗಿಲಲ್ಲಿ ಇಣುಕಿದ. "ಅತ್ತಿಗೆ, ಕಸದ ಗಾಡಿ ಬಂತು."

"ಮುಂದಕ್ಕೆ ಹೋಗು ಅನ್ನಪ್ಪ ಅವನಿಗೆ. ಆ ಹಲಗೆಗಳನ್ನ ಒಳಗೆ ತಗಂಡ್ ಬಾ."

ಓಬಯ್ಯ ಹೊಂಡವನ್ನು ವಿಭೂತಿ ಉದುರಿದ ಜಾಗದಲ್ಲಿ, ದೀಪದ ಪಕ್ಕಕ್ಕೆ ಇಟ್ಟ. ಜೇಬಿನಿಂದ ಒಬ್ಬ ಸಿಪಾಯಿಯನ್ನು ತೆಗೆದು ದಡದಲ್ಲಿ ನಿಲ್ಲಿಸಿದ. ಸರ್ವಮಂಗಳ ಬಗ್ಗಿ, ದೀಪವನ್ನು ಹಲಗೆಯಿಂದ ಒಂದು ಗೇಣು ದೂರಕ್ಕೆ ಸರಿಸಿದಳು. ಅಷ್ಟು ದೂರದಿಂದಲೂ ದೀಪದ ಕುಡಿ ಹೊಂಡದ ನೀರಿನಲ್ಲಿ ಕಾಣುತ್ತಿತ್ತು.