ಮುಚ್ಚಿದ ಬಾಗಿಲ ಜೋಗುಳ

"ಏಯ್, ಬಿಡೋ ಅದನ್ನ! ಖಾಲಿ ತೊಟ್ಟಿಲು ಯಾರಾದ್ರೂ ತೂಗ್ತಾರೇನೋ? ಹೆತ್ತೋಳು ಹೇಳಿಕೊಡ್ಲಿಲ್ವಾ?"

ಕಿಟಕಿಯ ಬೆಳಕು ಹೇಗೆ ಬೀಳುತ್ತದೆಂದು ನೋಡಲು ತೊಟ್ಟಿಲಿಗೆ ಕೈಹಾಕಿದ್ದ ಕ್ಯಾಮೆರಾ ಹಿಡಿಯುವ ಹುಡುಗ ವಾಹನ್, ಕೆಂಡ ಮುಟ್ಟಿದವನಂತೆ ಹಿಂದೆ ಸರಿದ. ಎಂಬತ್ತೆಂಟರ ಗುಲಿಜಾರ್ ಅಜ್ಜಿ ದಡಬಡಿಸಿ ಬಂದು, ತೊಟ್ಟಿಲೊಳಗೊಂದು ದಿಂಬು ಇಟ್ಟು ಹೊದಿಕೆ ಹೊದಿಸಿ, ಆಮೇಲೆ ಉಸಿರುಬಿಟ್ಟಳು.

ಶುಶಾನಿಕ್ ತಲೆ ತಗ್ಗಿಸಿದಳು. ಅಟ್ಟದಿಂದ ತೊಟ್ಟಿಲು ಇಳಿಸಿದವಳು ಅವಳೇ, ಸಾಕ್ಷ್ಯಚಿತ್ರದ ನಿರ್ದೇಶಕಿ. ಹಳೆಯ ಮಠಗಳನ್ನೂ ಕಲ್ಲಿನ ಶಿಲುಬೆಗಳನ್ನೂ ಇಪ್ಪತ್ತು ವರ್ಷ ಚಿತ್ರಿಸಿದವಳಿಗೆ ಇಷ್ಟು ಗೊತ್ತಿರಬೇಡವೇ? ನೂರು ವರ್ಷದ ಹಿಂದಿನ ನರಮೇಧದಲ್ಲಿ ಸಾಸುನ್ ಸೀಮೆಯಿಂದ ಓಡಿಬಂದವರ ಜೋಗುಳ ಈಗ ಈ ಅಜ್ಜಿಯೊಬ್ಬಳ ಬಾಯಲ್ಲಷ್ಟೇ ಉಳಿದಿದೆ ಎಂದು ಕೇಳಿ ರಾಜಧಾನಿ ಯೆರೆವಾನಿನಿಂದ ಬಂದಿದ್ದಳು. ಅವಳ ಸ್ವಂತ ಅಜ್ಜಿಯೂ ಅದನ್ನೇ ಹಾಡುತ್ತಿದ್ದಳು. ಶಾಲೆಯ ಗೆಳತಿಯರೆದುರು ಆ ಹಳ್ಳಿಮಾತಿಗೆ ನಾಚಿ, "ಸಾಕು ನಿಲ್ಲಿಸು" ಎಂದಿದ್ದಳು ಇವಳು. ಅಜ್ಜಿ ನಿಲ್ಲಿಸಿಯೇಬಿಟ್ಟಿದ್ದಳು. ಈಗ ಮೊದಲ ಸಾಲಿನಾಚೆ ಒಂದಕ್ಷರ ನೆನಪಿಲ್ಲ.

"ತಪ್ಪಾಯ್ತು ಅಜ್ಜಿ. ಹಾಗೇ ಕೂತು ಹಾಡ್ತೀರಾ?"

"ಯಾರಿಗೆ? ಆ ಡಬ್ಬಕ್ಕಾ?" ಅಜ್ಜಿ ಕ್ಯಾಮೆರಾದತ್ತ ಗದ್ದ ಎತ್ತಿದಳು. "ಅದಕ್ಕೆಲ್ಲಿ ನಿದ್ದೆ ಬರುತ್ತೆ? ಮಗು ಬೇಕು ಕಣಮ್ಮ."

ಮಗು ಪಕ್ಕದ ಮನೆಯಲ್ಲೇ ಇತ್ತು. ಆದರೆ ಹುಟ್ಟಿ ಮೂವತ್ತೊಂದೇ ದಿನ. ನಲವತ್ತು ತುಂಬುವ ತನಕ ಮಗು ಹೊಸಿಲು ದಾಟುವಂತಿಲ್ಲ, ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ನಿತ್ಯ ನೀರೆರೆಯಲು ಹೋಗುವ ಗುಲಿಜಾರ್‌ಗೆ ಮಾತ್ರ ಆ ಬಾಗಿಲು ತೆರೆಯುತ್ತಿತ್ತು. ಹಿಮ ಬಿದ್ದು ದಾರಿ ಮುಚ್ಚುವ ಮುನ್ನ, ಇವತ್ತು ಮಧ್ಯಾಹ್ನವೇ ಚಿತ್ರತಂಡ ಹೊರಡಬೇಕು. ಚಳಿಗಾಲ ಕಳೆದು ಬನ್ನಿ ಎನ್ನಲು ಈ ವಯಸ್ಸಿನಲ್ಲಿ ಅಜ್ಜಿಗೆ ಧೈರ್ಯವಿರಲಿಲ್ಲ; ಬರುತ್ತೇನೆ ಎನ್ನಲು ಶುಶಾನಿಕ್‌ಗೂ.

"ಬಾಗಿಲು ಒಂಚೂರು ತೆಗೆದಿಟ್ರೆ ಸಾಕು, ದೂರದಿಂದ್ಲೇ ತೆಗೀತೀನಿ," ವಾಹನ್ ಪಿಸುಗುಟ್ಟಿದ.

"ಬೇಡ." ಶುಶಾನಿಕ್ ಪುಟ್ಟ ಮೈಕೊಂದನ್ನು ಅಜ್ಜಿಯ ಶಾಲಿಗೆ ಸಿಕ್ಕಿಸಿದಳು. "ದನಿ ಸಾಕು, ಅದೂ ಮಗುವಿನ ತಾಯಿ ಒಪ್ಪಿದ್ರೆ ಮಾತ್ರ."

"ತಾಗುಹಿನಾ? ಕೂಸಿಗೆ ಉಪ್ಪು ಸವರಿ ಮೀಯಿಸೋ ಹಳೇ ಪದ್ಧತಿಗೇ ಒಪ್ಪಿದವಳು, ಇದಕ್ಕೆ ಒಪ್ಪಲ್ವಾ?"

ಅಜ್ಜಿ ಪಕ್ಕದ ಮನೆಯೊಳಗೆ ಹೋಗಿ, ಮತ್ತೆ ಇಣುಕಿ ಹೂಂಗುಟ್ಟಿ, ಕದ ಹಾಕಿಕೊಂಡಳು.

"ಕ್ಯಾಮೆರಾ ಎಲ್ಲಿಡ್ಲಿ ಅಕ್ಕ?"

"ಬಾಗಿಲ ಮುಂದೆ."

"ಮುಚ್ಚಿದ ಬಾಗಿಲಾ? ಸ್ಟುಡಿಯೋದವರು ನಗ್ತಾರೆ."

"ನಗಲಿ ಬಿಡು."

ಹೆಡ್‌ಫೋನಿನಲ್ಲಿ ಮೊದಲು ನೀರಿನ ಸದ್ದು, ಮಗುವಿನ ರಾಗ, ತೊಟ್ಟಿಲ ಕಿರುಗುಟ್ಟುವಿಕೆ. ಆಮೇಲೆ ಅಜ್ಜಿಯ ದನಿ. ಮೊದಲ ಸಾಲು, ಅದರ ಬೆನ್ನಿಗೆ, ನಲವತ್ತು ವರ್ಷದ ಹಿಂದೆ ಕಳೆದುಹೋಗಿದ್ದ ಎರಡನೆಯದು, ಮೂರನೆಯದು. ಶುಶಾನಿಕ್ ಕಣ್ಣು ಮುಚ್ಚಿದಳು. ನಾಲ್ಕನೆಯದರ ನಡುವೆ ಕೆಮ್ಮು ನುಗ್ಗಿ ಹಾಡು ತಟ್ಟನೆ ಕಡಿಯಿತು.

ಅವಳು ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು.

ಕಡಿದ ಜಾಗದಿಂದಲೇ ಬೇರೊಂದು ದನಿ ಅದನ್ನೆತ್ತಿಕೊಂಡಿತು. ಎಳೆಯ ದನಿ, ನಿದ್ದೆಗೆಟ್ಟ ದನಿ. ಅದೇ ಹಳ್ಳಿಮಾತು, ಒಂದಿಷ್ಟೂ ಅಳುಕಿಲ್ಲದೆ. ಕೆಮ್ಮು ನಿಂತ ಮೇಲೂ ಅಜ್ಜಿ ಹಾಡಲಿಲ್ಲ.

"ಯಾರಕ್ಕ ಅದು?"

ಶುಶಾನಿಕ್ ಬೆನ್ನು ನೆಟ್ಟಗೆ ಮಾಡಿದಳು. ತನ್ನ ಮನೆಯ ಮಗಳ ಹೆಸರು ಹೇಳುವವಳಂತೆ, "ತಾಗುಹಿ," ಎಂದಳು.

ಕ್ಯಾಮೆರಾ ಓಡುತ್ತಲೇ ಇತ್ತು. ಕೋಳಿಯೊಂದು ಬಂದು ಹೊಸಿಲ ಬಿಸಿಲಲ್ಲಿ ರೆಕ್ಕೆ ಹರವಿ ಕೂತಿತು. ಅದನ್ನು ಯಾರೂ ಓಡಿಸಲಿಲ್ಲ.